ಕೊಪರ್ನಿಕಸನೂ ಶೃಂಗೇರಿಯ ಜೋಯಿಸರೂ

ಕೊಪರ್ನಿಕಸನ ಪಾಠ ಬಂದಾಗಲೆಲ್ಲ ನಮ್ಮ ತರಗತಿಯಲ್ಲಿ ಒಂದು ಸಣ್ಣ ವಾಗ್ವಾದ ಏಳುವುದುಂಟು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರ್, ಇದೆಲ್ಲ ನಮ್ಮ ಹಿರಿಯರಿಗೆ ಸಾವಿರ ವರ್ಷ ಮೊದಲೇ ಗೊತ್ತಿತ್ತಂತಲ್ಲ?" ಎನ್ನುತ್ತಾನೆ. ಅವನ ಮಾತು ಮುಗಿಯುವ ಮೊದಲೇ ಮುಂದಿನ ಸಾಲಿನಿಂದ ಇನ್ನೊಬ್ಬಳು, "ಗೊತ್ತಿದ್ದರೆ ಇನ್ನೂ ಪಂಚಾಂಗ ಹಿಡಿದುಕೊಂಡು ಏಕೆ ಕೂತಿದ್ದಾರೆ? ಅದೆಲ್ಲ ಬರೀ ಮೂಢನಂಬಿಕೆ" ಎಂದು ತಿರುಗಿ ಹೇಳುತ್ತಾಳೆ. ತರಗತಿ ಎರಡು ಪಕ್ಷವಾಗುತ್ತದೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಹೊರಟುಹೋಗುತ್ತಾರೆ.

ಈ ಇಬ್ಬರೂ ಮಾಡುತ್ತಿರುವ ತಪ್ಪು ಒಂದೇ ಎಂಬುದು ನಮ್ಮ ಅಭಿಪ್ರಾಯ. ಕೊಪರ್ನಿಕಸನು ನಿಜವಾಗಿ ಮಾಡಿದುದೇನು ಎಂಬುದನ್ನು ಇಬ್ಬರೂ ವಿಚಾರಿಸಲಿಲ್ಲ. ದೋಷ ಅವರದಷ್ಟೇ ಅಲ್ಲ. ಪಾಠ ಹೇಳುವ ನಮ್ಮದೂ ಹೌದು. "ಭೂಮಿಯು ಸೂರ್ಯನನ್ನು ಸುತ್ತುತ್ತದೆಯೆಂದು ಕಂಡುಹಿಡಿದವನು ಯಾರು?" ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಅವನ ಹೆಸರನ್ನು ಬರೆಯಿಸಿ ಕೈತೊಳೆದುಕೊಂಡಿದ್ದೇವೆ. ಅದಕ್ಕಿಂತ ತುಸು ಹೆಚ್ಚು ದೂರ ಈ ಲೇಖನದಲ್ಲಿ ಹೋಗೋಣ. ದಾರಿಯಲ್ಲಿ ನಮ್ಮ ನಾಡಿನದೇ ಒಂದು ಕನ್ನಡ ಗ್ರಂಥವನ್ನೂ ನೋಡುವುದಿದೆ.

ನಿಕೊಲಾಸ್ ಕೊಪರ್ನಿಕಸನು ಹುಟ್ಟಿದುದು 1473ರ ಫೆಬ್ರವರಿ 19ರಂದು, ಪೋಲೆಂಡಿನ ವಿಸ್ಟುಲಾ ನದಿಯ ದಡದ ಟೊರುನ್ ಎಂಬ ವರ್ತಕರ ಪಟ್ಟಣದಲ್ಲಿ. ಹತ್ತು ವರ್ಷದವನಾಗಿದ್ದಾಗ ತಂದೆ ತೀರಿಕೊಂಡನು. ಸೋದರಮಾವನು ಹುಡುಗನನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡನು. ಈ ಮಾವನು ಮುಂದೆ ವಾರ್ಮಿಯಾ ಪ್ರಾಂತದ ಬಿಷಪ್ ಆದವನು. ಅಳಿಯನಿಗೆ ಚರ್ಚಿನ ಆಡಳಿತದಲ್ಲಿ ಒಂದು ಭದ್ರವಾದ ಉದ್ಯೋಗವಾಗಬೇಕೆಂಬುದು ಅವನ ಅಪೇಕ್ಷೆ. ಅದಕ್ಕೆ ತಕ್ಕಂತೆ ಹುಡುಗನು 1491ರಲ್ಲಿ ಕ್ರಾಕೋವ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಬಳಿಕ ನ್ಯಾಯಶಾಸ್ತ್ರವನ್ನು ಕಲಿಯಲೆಂದು ಇಟಲಿಯ ಬೊಲೋನ್ಯಾಕ್ಕೆ ಹೋದನು. ಪಾಡುವಾದಲ್ಲಿ ವೈದ್ಯವನ್ನು ಕಲಿತನು. 1503ರಲ್ಲಿ ಫೆರಾರಾದಲ್ಲಿ ಚರ್ಚಿನ ನ್ಯಾಯಶಾಸ್ತ್ರದ ಡಾಕ್ಟರ್ ಪದವಿ ಪಡೆದನು. ಖಗೋಲಶಾಸ್ತ್ರದಲ್ಲಿ ಅವನಿಗೆ ಯಾವ ಪದವಿಯೂ ಇರಲಿಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳು ಗಮನಿಸಬಹುದು.

ಆದರೆ ಬೊಲೋನ್ಯಾದಲ್ಲಿ ಅವನು ವಾಸಿಸಿದುದು ಡೊಮೆನಿಕೊ ಮರಿಯಾ ನೊವಾರ ಎಂಬ ಖಗೋಲಶಾಸ್ತ್ರಜ್ಞನ ಮನೆಯಲ್ಲಿ. 1497ರ ಮಾರ್ಚ್ 9ರ ರಾತ್ರಿ ಚಂದ್ರನು ರೋಹಿಣೀ ನಕ್ಷತ್ರವನ್ನು ಮರೆಮಾಡುವುದನ್ನು ಅವನು ನೋಡಿ ಬರೆದಿಟ್ಟುಕೊಂಡನು. ಚಂದ್ರನಿಗೂ ರೋಹಿಣಿಗೂ ಇರುವ ಅನುರಾಗದ ಕಥೆಯನ್ನು ನಾವೆಲ್ಲ ಅಜ್ಜಿಯರಿಂದ ಕೇಳಿದ್ದೇವಷ್ಟೆ. ಆ ಸಮಾಗಮವೇ ಈ ತರುಣನಿಗೆ ಟಾಲೆಮಿಯ ಚಂದ್ರಸಿದ್ಧಾಂತವನ್ನು ಒರೆಗೆ ಹಚ್ಚುವ ಸಾಧನವಾಯಿತು. ಟಾಲೆಮಿಯ ಲೆಕ್ಕದಂತೆ ಚಂದ್ರನು ತಿಂಗಳಲ್ಲಿ ಎರಡು ಸಲ ನಮಗೆ ಬಹಳ ಹತ್ತಿರ ಬಂದು ಸುಮಾರು ಇಮ್ಮಡಿ ಗಾತ್ರವಾಗಿ ಕಾಣಬೇಕಾಗಿತ್ತು. ಹಾಗೆ ಎಂದಾದರೂ ಕಂಡುದುಂಟೆ? ಸ್ಥಾನ ಸರಿ, ಗಾತ್ರ ತಪ್ಪು. ಸ್ಥಾನವನ್ನು ಸರಿಯಾಗಿ ಹೇಳುವ ಗಣಿತವೂ ವಸ್ತುವಿನ ವಿಷಯದಲ್ಲಿ ತಪ್ಪನ್ನು ಹೇಳಬಲ್ಲದು ಎಂಬ ಸಂಗತಿ ಇಲ್ಲಿ ಎದ್ದು ಕಾಣುತ್ತದೆ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಊರಿಗೆ ಮರಳಿದ ಮೇಲೆ ಅವನ ಜೀವನ ಹೆಚ್ಚಾಗಿ ಬಾಲ್ಟಿಕ್ ಸಮುದ್ರದ ಸಮೀಪದ ಫ್ರಾಂಬೋರ್ಕಿನಲ್ಲಿ ಕಳೆಯಿತು. ಅವನು ಚರ್ಚಿನ ಜಮೀನುಗಳ ಲೆಕ್ಕ ನೋಡಿದನು; ರೋಗಿಗಳಿಗೆ ಔಷಧ ಕೊಟ್ಟನು; ಕೀಳು ನಾಣ್ಯವು ಚಲಾವಣೆಗೆ ಬಂದರೆ ಒಳ್ಳೆಯ ನಾಣ್ಯವು ಮಾಯವಾಗುತ್ತದೆಂದು ನಾಣ್ಯಪದ್ಧತಿಯ ಮೇಲೆ ಒಂದು ಪ್ರಬಂಧವನ್ನು ಬರೆದನು; 1520-21ರ ಯುದ್ಧದಲ್ಲಿ ಓಲ್ಷ್ಟಿನ್ ಕೋಟೆಯ ರಕ್ಷಣೆಯ ಹೊಣೆಯನ್ನೂ ಹೊತ್ತನು. ಆಕಾಶವನ್ನು ನೋಡಿದುದು ಈ ಕೆಲಸಗಳ ನಡುವಣ ಬಿಡುವಿನಲ್ಲಿ. ದೂರದರ್ಶಕ ಇನ್ನೂ ಹುಟ್ಟಿರಲಿಲ್ಲ. ಮರದ ಪಟ್ಟಿಗಳಿಂದ ಮಾಡಿದ ಕೋನಮಾಪಕಗಳೇ ಅವನ ಉಪಕರಣ. ಅವನ ಮಹಾಗ್ರಂಥದಲ್ಲಿ ಬಳಕೆಯಾದ ಸ್ವಂತ ವೀಕ್ಷಣೆಗಳು ಮೂವತ್ತಕ್ಕೂ ಕಡಿಮೆ.

1514ರ ಹೊತ್ತಿಗಾಗಲೇ ಅವನ ವಿಚಾರದ ಸಂಗ್ರಹರೂಪವಾದ ಒಂದು ಹಸ್ತಪ್ರತಿ ಮಿತ್ರರ ನಡುವೆ ಓಡಾಡುತ್ತಿತ್ತು. ಮುದ್ರಿಸಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ. ಇದಕ್ಕೆ ಮತಾಧಿಕಾರಿಗಳ ಭಯವೇ ಕಾರಣವೆಂದು ಪಠ್ಯಪುಸ್ತಕಗಳು ಸಾರುತ್ತವೆ. ಅವನೇ ಕೊಟ್ಟ ಕಾರಣ ಬೇರೆ: ಜನರು ನಗುವರೆಂಬ ಅಂಜಿಕೆ. 1536ರಲ್ಲಿ ರೋಮಿನ ಕಾರ್ಡಿನಲ್ ಒಬ್ಬನೇ ಗ್ರಂಥವನ್ನು ಪ್ರಕಟಿಸಬೇಕೆಂದು ಅವನಿಗೆ ಪತ್ರ ಬರೆದಿದ್ದನು; ಕೊನೆಗೆ ಗ್ರಂಥವನ್ನು ಅವನು ಅರ್ಪಿಸಿದುದು ಪೋಪ್ ಮೂರನೆಯ ಪಾಲನಿಗೆ. ಚರ್ಚು ಅದನ್ನು ತಡೆಹಿಡಿದುದು 1616ರಲ್ಲಿ, ಲೇಖಕನು ಸತ್ತು ಎಪ್ಪತ್ತಮೂರು ವರ್ಷಗಳಾದ ಮೇಲೆ. ಗೆಲಿಲಿಯೋ ಅನುಭವಿಸಿದುದನ್ನು ಕೊಪರ್ನಿಕಸನ ಹೆಗಲಿಗೆ ಹಾಕುವುದು ಇತಿಹಾಸವಾಗಲಾರದು.

ಗ್ರಂಥವು ಬೆಳಕು ಕಾಣಲು ಕಾರಣನಾದವನು ಇಪ್ಪತ್ತೈದು ವರ್ಷದ ಒಬ್ಬ ಅಧ್ಯಾಪಕ. ವಿಟೆನ್‌ಬರ್ಗಿನ ಗಣಿತಾಧ್ಯಾಪಕ ರೆಟಿಕಸನು 1539ರಲ್ಲಿ ಹುಡುಕಿಕೊಂಡು ಬಂದು ಮುದುಕನ ಮನೆಯಲ್ಲಿ ನಿಂತನು. ಮರುವರ್ಷವೇ ಸಿದ್ಧಾಂತವನ್ನು ಪರಿಚಯಿಸುವ ಪುಸ್ತಕವನ್ನು ಅಚ್ಚುಮಾಡಿಸಿದನು. ಮಹಾಗ್ರಂಥದ ಪ್ರತಿಯನ್ನು ನ್ಯೂರೆಂಬರ್ಗಿನ ಮುದ್ರಣಾಲಯಕ್ಕೆ ಒಯ್ದನು. 1543ರಲ್ಲಿ ಅದು ಅಚ್ಚಾಯಿತು. ಆ ಮೇ 24ರಂದು ಕೊಪರ್ನಿಕಸನು ತೀರಿಕೊಂಡನು. ಪಾರ್ಶ್ವವಾಯು ಹೊಡೆದು ಮಲಗಿದ್ದ ಅವನು ಅಚ್ಚಾದ ಗ್ರಂಥವನ್ನು ಕಂಡುದು ಕಡೆಯ ದಿನದಂದು ಮಾತ್ರವೆಂದು ಅವನ ಗೆಳೆಯ ಗೀಸೆ ಎಂಬವನ ಪತ್ರದಿಂದ ತಿಳಿದುಬರುತ್ತದೆ.

ಇಷ್ಟು ಅವನ ಚರಿತ್ರೆ. ಇನ್ನು ಅವನ ವಿಚಾರ.

ಕೊಪರ್ನಿಕಸನ ಪದ್ಧತಿಯು ಹಳೆಯದಕ್ಕಿಂತ ಸರಳವಾಗಿತ್ತು, ಹೆಚ್ಚು ನಿಖರವಾಗಿತ್ತು, ಆದುದರಿಂದ ಗೆದ್ದಿತು ಎಂದು ಹೇಳುವುದು ವಾಡಿಕೆ. ಎರಡೂ ಸರಿಯಲ್ಲ. ಗ್ರಹಗಳು ವೃತ್ತಗಳಲ್ಲಿಯೇ ಚಲಿಸಬೇಕೆಂಬ ಹಳೆಯ ನಂಬಿಕೆಯನ್ನು ಅವನು ಬಿಡಲಿಲ್ಲ. ಆದುದರಿಂದ ದೊಡ್ಡ ವೃತ್ತದ ಮೇಲೆ ಚಿಕ್ಕ ವೃತ್ತ, ಅಂದರೆ ಉಪವೃತ್ತ, ಅವನಿಗೂ ಬೇಕಾಯಿತು. ಅವನ ಗ್ರಂಥವನ್ನು ಆಧರಿಸಿ 1551ರಲ್ಲಿ ಹೊರಬಂದ ಗ್ರಹಕೋಷ್ಟಕಗಳು ಕೆಲವೆಡೆ ಹಳೆಯವುಗಳಿಗಿಂತ ಮೇಲಾಗಿದ್ದರೂ ಮಂಗಳನ ಸ್ಥಾನದಲ್ಲಿ ಕೆಲವೊಮ್ಮೆ ನಾಲ್ಕೈದು ಅಂಶಗಳಷ್ಟು ತಪ್ಪುತ್ತಿದ್ದುವು. ಅಷ್ಟು ತಪ್ಪಿದರೆ ನಮ್ಮ ಪ್ರಯೋಗಶಾಲೆಯಲ್ಲಿ ದಾಖಲೆಪುಸ್ತಕಕ್ಕೆ ಸಹಿ ಬೀಳುವುದು ಕಷ್ಟ. ಸೂರ್ಯನನ್ನು ನಡುವೆ ಇಟ್ಟವರಲ್ಲಿ ಅವನು ಮೊದಲಿಗನೂ ಅಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾರ್ಕಸನು ಹಾಗೆ ಹೇಳಿದ್ದನು. ಅವನ ಚಂದ್ರಗಣಿತದ ರಚನೆಯು ಹದಿನಾಲ್ಕನೆಯ ಶತಮಾನದ ದಮಾಸ್ಕಸಿನ ಇಬ್ನ್ ಅಲ್ ಶಾತಿರನ ರಚನೆಯೇ ಆಗಿದೆ.

ಹಾಗಾದರೆ ಅವನಿಗೇಕೆ ಇಷ್ಟು ಗೌರವ? ಇದನ್ನು ತಿಳಿಯಲು ವಕ್ರಗತಿಯ ವಿಷಯವನ್ನು ಸ್ವಲ್ಪ ನೋಡಬೇಕು.

ಪುಟ್ಟೇನಹಳ್ಳಿಯಿಂದ ಬನಶಂಕರಿಯ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೇವೆನ್ನೋಣ. ಪಕ್ಕದಲ್ಲಿ ಒಂದು ಲಾರಿ ನಿಧಾನವಾಗಿ ಅದೇ ದಿಕ್ಕಿಗೆ ಸಾಗುತ್ತಿದೆ. ಬಸ್ಸು ಅದನ್ನು ಹಿಂದೆ ಹಾಕುವಾಗ, ದೂರದ ಕಟ್ಟಡಗಳ ಎದುರಿನಲ್ಲಿ ಲಾರಿಯು ಹಿಮ್ಮುಖವಾಗಿ ಜಾರಿದಂತೆ ಕಾಣುತ್ತದೆ. ಮಂಗಳ, ಗುರು, ಶನಿಗಳು ಆಗಾಗ ನಕ್ಷತ್ರಗಳ ನಡುವೆ ಮುಂದೆ ಸಾಗುತ್ತ ಸಾಗುತ್ತ ನಿಂತು, ಕೆಲವು ಕಾಲ ಹಿಂದಕ್ಕೆ ನಡೆದು, ಮತ್ತೆ ಮುಂದುವರಿಯುವುದು ಹೀಗೆಯೇ. ಭೂಮಿಯೆಂಬ ವೇಗದ ಬಸ್ಸಿನಲ್ಲಿ ನಾವು ಕುಳಿತಿದ್ದೇವೆ.

ಭೂಮಿ ನಿಂತಿದೆಯೆಂದು ಭಾವಿಸಿದವರು ಈ ಹಿನ್ನಡೆಯನ್ನು ಗಣಿತಕ್ಕೆ ತಂದುದು ಉಪವೃತ್ತದ ಮೂಲಕ. ಒಂದೊಂದು ಗ್ರಹಕ್ಕೆ ಒಂದೊಂದು ಉಪವೃತ್ತ. ಅದರ ಗಾತ್ರವನ್ನು ಹಿನ್ನಡೆಯ ಅಳತೆಯಿಂದ ನಿರ್ಧರಿಸಿದರಾಯಿತು. ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಆದರೆ ಒಂದು ವಿಚಿತ್ರವಿತ್ತು. ಮಂಗಳನ ಉಪವೃತ್ತವಾಗಲಿ, ಗುರುವಿನದಾಗಲಿ, ಶನಿಯದಾಗಲಿ, ಎಲ್ಲವೂ ಸೂರ್ಯನ ಗತಿಗೆ ಕಟ್ಟುಬಿದ್ದಂತೆ ಸುತ್ತಬೇಕಾಗಿತ್ತು. ಸೂರ್ಯನಿಗೆ ನೇರ ಎದುರಿನಲ್ಲಿ ಇರುವಾಗಲೇ ಈ ಮೂವರೂ ವಕ್ರಿಗಳಾಗುತ್ತಾರೆ. ಬೇರೆ ಸಮಯದಲ್ಲಿ ಎಂದಿಗೂ ಇಲ್ಲ. ಏಕೆ? ಹಳೆಯ ಗಣಿತದಲ್ಲಿ ಉತ್ತರವಿಲ್ಲ. ಅದು ಹಾಗಿದೆ, ಅಷ್ಟೆ.

ಕೊಪರ್ನಿಕಸನು ಈ "ಅಷ್ಟೆ" ಎಂಬುದನ್ನು ಒಪ್ಪಲಿಲ್ಲ. ಮೂರು ಗ್ರಹಗಳ ಮೂರು ಉಪವೃತ್ತಗಳೂ ಒಂದೇ ವಸ್ತುವಿನ ಮೂರು ನೆರಳುಗಳು. ಆ ವಸ್ತುವೇ ಸೂರ್ಯನ ಸುತ್ತ ಭೂಮಿಯ ವಾರ್ಷಿಕ ಕಕ್ಷೆ ಎಂದನು. ಇದನ್ನು ಒಪ್ಪಿದ ಕೂಡಲೆ ಒಂದು ಅದ್ಭುತ ನಡೆಯುತ್ತದೆ. ಉಪವೃತ್ತವು ಭೂಕಕ್ಷೆಯೇ ಆಗಿದ್ದರೆ, ಗ್ರಹದ ದೊಡ್ಡ ವೃತ್ತವು ಅದರ ಎಷ್ಟು ಪಟ್ಟು ಎಂಬುದು ಗ್ರಹವು ಸೂರ್ಯನಿಂದ ಎಷ್ಟು ದೂರ ಎಂಬುದನ್ನೇ ಹೇಳುತ್ತದೆ! ಭೂಮಿಯ ದೂರವನ್ನು 1 ಎಂದಿಟ್ಟುಕೊಂಡು ಅವನು ಪಡೆದ ಅಂಕಿಗಳು ಇವು: ಬುಧ 0.38, ಶುಕ್ರ 0.72, ಮಂಗಳ 1.52, ಗುರು 5.22, ಶನಿ 9.17. ಇಂದಿನ ಮೌಲ್ಯಗಳು ಕ್ರಮವಾಗಿ 0.39, 0.72, 1.52, 5.20, ಮತ್ತು ಒಂಬತ್ತೂವರೆಗೆ ತುಸು ಮೇಲೆ. ಗ್ರಹಗಳು ತಾವಾಗಿಯೇ ಒಂದು ಸಾಲಿನಲ್ಲಿ ನಿಂತುವು: ಹತ್ತಿರದ್ದು ಬೇಗ ಸುತ್ತುತ್ತದೆ, ದೂರದ್ದು ನಿಧಾನವಾಗಿ. ಹಿಂದೆ ಬಿಡಿಬಿಡಿಯಾಗಿದ್ದ ಐದು ಲೆಕ್ಕಗಳು ಒಂದು ಕುಟುಂಬವಾದುವು.

ಈ ಅಂಕಿಗಳನ್ನು ಅವನು ಹೊಸದಾಗಿ ಅಳೆದನೆ? ಇಲ್ಲವೆನ್ನಬಹುದು. ಶುಕ್ರನ ಉಪವೃತ್ತಕ್ಕೆ ಟಾಲೆಮಿ ಕೊಟ್ಟಿದ್ದ ತ್ರಿಜ್ಯ, ದೊಡ್ಡ ವೃತ್ತದ ತ್ರಿಜ್ಯ 60 ಆಗಿರುವಾಗ, 43ಕ್ಕೆ ಸ್ವಲ್ಪ ಮೇಲೆ. ಭಾಗಿಸಿ ನೋಡಿದರೆ ಅದೇ 0.72. ಹದಿನಾಲ್ಕು ಶತಮಾನಗಳ ಕಾಲ ಆ ಅಂಕಿ ಎಲ್ಲರ ಕಣ್ಣೆದುರಿನಲ್ಲಿಯೇ ಇತ್ತು.

ನಮ್ಮವರ ಕಣ್ಣೆದುರಿನಲ್ಲಿಯೂ ಇತ್ತು. ಈಗ ಶೃಂಗೇರಿಗೆ ಬರೋಣ.

1604ರಲ್ಲಿ, ಮಲೆನಾಡಿನಲ್ಲಿ ಕೆಳದಿಯ ಅರಸರು ಆಳುತ್ತಿದ್ದ ಕಾಲದಲ್ಲಿ, ಶೃಂಗೇರಿಯ ಶಂಕರನಾರಾಯಣ ಜೋಯಿಸರು 'ಗಣಿತಗನ್ನಡಿ' ಎಂಬ ಗ್ರಂಥವನ್ನು ರಚಿಸಿದರು. ವಿದ್ದಣಾಚಾರ್ಯರ 'ವಾರ್ಷಿಕತಂತ್ರ' ಎಂಬ ಸಂಸ್ಕೃತ ಕೃತಿಗೆ ಇದು ವ್ಯಾಖ್ಯಾನ. ತಾಳೆಯೋಲೆಯ ಮೇಲೆ ನಂದಿನಾಗರಿ ಲಿಪಿಯಲ್ಲಿ ಬರೆದುದಾದರೂ ಭಾಷೆ ಕನ್ನಡ. ಅದೇ ವರ್ಷದ ಅಕ್ಟೋಬರಿನಲ್ಲಿ ಕೆಪ್ಲರನು ಪ್ರಾಗ್ ನಗರದಲ್ಲಿ ಕುಳಿತು ಉರಗಧರ ನಕ್ಷತ್ರಪುಂಜದಲ್ಲಿ ಹೊಸದಾಗಿ ಉರಿದೆದ್ದ ತಾರೆಯನ್ನು ನೋಡುತ್ತಿದ್ದನು. ಗೆಲಿಲಿಯೋ ಆಕಾಶಕ್ಕೆ ದೂರದರ್ಶಕವನ್ನು ತಿರುಗಿಸಲು ಇನ್ನೂ ಐದು ವರ್ಷವಿತ್ತು. ಯುರೋಪಿನ ಪುನರುಜ್ಜೀವನ ಕಾಲವೆಂದು ನಾವು ಓದುವ ಕಾಲದಲ್ಲಿಯೇ, ತುಂಗೆಯ ದಡದಲ್ಲಿ, ಸಂಸ್ಕೃತ ಬಾರದವನೂ ಗ್ರಹಗಣಿತವನ್ನು ಕಲಿಯಲೆಂದು ಒಬ್ಬರು ಕನ್ನಡದಲ್ಲಿ ಬರೆಯುತ್ತಿದ್ದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾದೀತೇ ಎಂದು ಇಂದಿಗೂ ಮೂಗು ಮುರಿಯುವವರು ಈ ಹೆಸರನ್ನು ಒಮ್ಮೆ ನೆನೆಯಲಿ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕಿಯಾಗಿದ್ದ ಬಿ. ಎಸ್. ಶೈಲಜಾ ಅವರೂ ಸೀತಾರಾಮ ಜವಗಲ್ ಅವರೂ ಈ ಓಲೆಗಳನ್ನು ಓದಿ, ಇಂಗ್ಲಿಷಿನಲ್ಲಿ ವಿವರಣೆಯೊಡನೆ ಪ್ರಕಟಿಸಿರುವುದರಿಂದ ಅದು ಈಗ ನಮಗೆಲ್ಲ ದೊರೆಯುವಂತಾಗಿದೆ.

ಇಂಥ ಸಿದ್ಧಾಂತಗ್ರಂಥಗಳ ಕ್ರಮ ಹೀಗೆ: ಒಂದು ಆದಿದಿನದಿಂದ ಕಳೆದ ದಿನಗಳ ಸಂಖ್ಯೆ, ಅಂದರೆ ಅಹರ್ಗಣವನ್ನು ಕಂಡುಕೊಳ್ಳುವುದು; ಅದರಿಂದ ಗ್ರಹದ ಮಧ್ಯಮಸ್ಥಾನವನ್ನು ಪಡೆಯುವುದು; ಬಳಿಕ ಮಂದ, ಶೀಘ್ರ ಎಂಬ ಎರಡು ಸಂಸ್ಕಾರಗಳನ್ನು ಮಾಡಿ ಸ್ಫುಟಸ್ಥಾನಕ್ಕೆ ಬರುವುದು. ಅಲ್ಲಿಂದ ತಿಥಿ, ಗ್ರಹಣ ಮೊದಲಾದುವು. ಇದು ಮೂಢನಂಬಿಕೆಯಲ್ಲ, ಕೂಡಿಸಿ, ಗುಣಿಸಿ, ಜ್ಯಾಕೋಷ್ಟಕವನ್ನು ನೋಡಿ ಮಾಡುವ ಗಣಿತ. ಗ್ರಹಣವು ಹೇಳಿದ ಹೊತ್ತಿಗೆ ಹಿಡಿಯದಿದ್ದರೆ ಜೋಯಿಸರ ಮಾನ ಊರ ಮುಂದೆ ಹೋಗುತ್ತಿತ್ತು. ನಮ್ಮ ಇಂದಿನ ಎಷ್ಟೋ ಪ್ರಬಂಧಗಳಿಗೆ ಅಂಥ ಕಠಿಣ ಪರೀಕ್ಷೆಯಿಲ್ಲ.

ಇಲ್ಲಿ ಶೀಘ್ರಸಂಸ್ಕಾರವೆಂಬುದೇ ನಾವು ಮೇಲೆ ಹೇಳಿದ ಉಪವೃತ್ತದ ಲೆಕ್ಕ. ಈ ಪರಂಪರೆಯ ಆಧಾರಗ್ರಂಥಗಳಲ್ಲೊಂದಾದ ಸೂರ್ಯಸಿದ್ಧಾಂತವು ಗ್ರಹಗಳ ಶೀಘ್ರಪರಿಧಿಗಳನ್ನು, ದೊಡ್ಡ ವೃತ್ತದ ಪರಿಧಿ 360 ಎಂದಿಟ್ಟುಕೊಂಡು, ಹೀಗೆ ಕೊಡುತ್ತದೆ: ಬುಧ 133, ಶುಕ್ರ 262, ಮಂಗಳ 235, ಗುರು 70, ಶನಿ 39. ಸ್ಥಾನಕ್ಕೆ ತಕ್ಕಂತೆ ಇವು ತುಸು ಬದಲಾಗುತ್ತವೆ, ಅದಿರಲಿ. ವಾಚಕರು ಪೆನ್ಸಿಲನ್ನು ಹಿಡಿದು ಭಾಗಿಸಿ ನೋಡಬೇಕೆಂದು ನಮ್ಮ ಬಿನ್ನಹ. ಒಳಗ್ರಹಗಳಲ್ಲಿ ಭೂಮಿಗೂ ಗ್ರಹಕ್ಕೂ ಪಾತ್ರ ಅದಲುಬದಲಾಗುವುದರಿಂದ ಅಲ್ಲಿ ಪರಿಧಿಯನ್ನು 360ರಿಂದ ಭಾಗಿಸಬೇಕು: ಶುಕ್ರ 262/360, ಅಂದರೆ 0.73, ಬುಧ 0.37. ಹೊರಗ್ರಹಗಳಲ್ಲಿ 360ನ್ನು ಪರಿಧಿಯಿಂದ ಭಾಗಿಸಬೇಕು: ಮಂಗಳ 1.53, ಗುರು 5.14, ಶನಿ 9.23.

ಕೊಪರ್ನಿಕಸನ ಅಂಕಿಗಳ ಪಕ್ಕದಲ್ಲಿ ಇವನ್ನು ಇಟ್ಟು ನೋಡಿರಿ. ನಾವು ಮೊದಲ ಸಲ ಈ ಭಾಗಾಕಾರವನ್ನು ಮಾಡಿದಾಗ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಸೌರವ್ಯೂಹದ ನಕಾಶೆಯೇ ಪಂಚಾಂಗದ ಕಂತೆಯಲ್ಲಿ ಮಡಚಿಕೊಂಡು ಮಲಗಿತ್ತು!

ಹಿಂದಿನ ಬೆಂಚಿನ ನಮ್ಮ ಮಿತ್ರನು ಇಲ್ಲಿ ಚಪ್ಪಾಳೆ ತಟ್ಟಿಯಾನು. ತುಸು ತಾಳಬೇಕು. ಗ್ರಹಗಳ ದೂರವನ್ನು ಅದೇ ಸೂರ್ಯಸಿದ್ಧಾಂತವು ಬೇರೊಂದು ಅಧ್ಯಾಯದಲ್ಲಿ ನೇರವಾಗಿಯೇ ಹೇಳುತ್ತದೆ. ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದಷ್ಟು ಯೋಜನ ನಡೆಯುತ್ತವೆ, ನಿಧಾನವಾಗಿ ಕಾಣುವುದು ದೂರವಿರುವುದರಿಂದ ಮಾತ್ರ ಎಂಬುದು ಅಲ್ಲಿನ ಊಹೆ. ಆ ಪ್ರಕಾರ ಸೂರ್ಯನ ಕಕ್ಷೆ 43,31,500 ಯೋಜನ. ಶನಿಯದು 12,76,68,255 ಯೋಜನ. ಇವುಗಳ ಅನುಪಾತ ಸುಮಾರು 29.5. ಶೀಘ್ರಪರಿಧಿಯು ಸದ್ದಿಲ್ಲದೆ ಹೇಳುತ್ತಿರುವುದು ಒಂಬತ್ತು ಚಿಲ್ಲರೆ. ಕಕ್ಷಾಧ್ಯಾಯವು ಘೋಷಿಸುತ್ತಿರುವುದು ಇಪ್ಪತ್ತೊಂಬತ್ತೂವರೆ. ಎರಡೂ ಒಂದೇ ಗ್ರಂಥದಲ್ಲಿ. ಶೀಘ್ರಪರಿಧಿಯಲ್ಲಿಯೂ ದೂರವೇ ಅಡಗಿದೆಯೆಂದು ತಿಳಿದಿದ್ದರೆ ಈ ಎರಡು ಅಂಕಿಗಳು ಒಟ್ಟಿಗೆ ನಿಲ್ಲುತ್ತಿರಲಿಲ್ಲ. ಆದುದರಿಂದ "ನಮ್ಮವರಿಗೆ ಗೊತ್ತಿತ್ತು" ಎಂಬ ಮಾತು ನಿಲ್ಲುವುದಿಲ್ಲ. ಅಂಕಿ ಗೊತ್ತಿತ್ತು, ಅದು ಯಾವುದರ ಅಂಕಿಯೆಂಬುದು ಗೊತ್ತಿರಲಿಲ್ಲ. ಟಾಲೆಮಿಗೂ ಗೊತ್ತಿರಲಿಲ್ಲ.

ಆರ್ಯಭಟನ ಹೆಸರನ್ನು ಇಲ್ಲಿ ಎತ್ತುವವರುಂಟು. 499ರ ಆರ್ಯಭಟೀಯದಲ್ಲಿ ಅವನು ಹೇಳಿದುದು ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತದೆಯೆಂದು. ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ತೋರುವ ದೃಷ್ಟಾಂತವನ್ನೂ ಕೊಟ್ಟನು. ಅದೇ ಸಾಕಷ್ಟು ದೊಡ್ಡ ಮಾತು; ವರಾಹಮಿಹಿರನೂ ಬ್ರಹ್ಮಗುಪ್ತನೂ ಅದನ್ನು ಒಪ್ಪಲಿಲ್ಲ. ಆದರೆ ಅದು ಸೂರ್ಯನ ಸುತ್ತ ಭೂಮಿ ಸುತ್ತುವ ಮಾತಲ್ಲ. ಆರ್ಯಭಟನಿಗೆ ಸಲ್ಲಬೇಕಾದುದನ್ನು ಸಲ್ಲಿಸಲು ಕೊಪರ್ನಿಕಸನದನ್ನು ಕಿತ್ತುಕೊಡಬೇಕಾಗಿಲ್ಲ.

ಈ ಅಂಕಿಗಳ ಅರ್ಥಕ್ಕೆ ಭಾರತದಲ್ಲಿ ತೀರ ಹತ್ತಿರ ಬಂದವರು ಕೇರಳದ ನೀಲಕಂಠ ಸೋಮಯಾಜಿಗಳು. 1444ರಲ್ಲಿ ಹುಟ್ಟಿದ ಇವರು 1500ರ ಸುಮಾರಿನಲ್ಲಿ 'ತಂತ್ರಸಂಗ್ರಹ'ವನ್ನು ರಚಿಸಿ ಬುಧ ಶುಕ್ರರ ಗಣಿತವನ್ನು ತಿದ್ದಿದರು. ಐದು ಗ್ರಹಗಳೂ ಸೂರ್ಯನನ್ನು ಸುತ್ತುತ್ತವೆ, ಸೂರ್ಯನು ಭೂಮಿಯನ್ನು ಸುತ್ತುತ್ತಾನೆ ಎಂಬ ಚಿತ್ರವನ್ನು ಮುಂದಿನ ಬರಹಗಳಲ್ಲಿ ಕೊಟ್ಟರು. ಇಂಥದೇ ಚಿತ್ರವನ್ನು ಡೆನ್ಮಾರ್ಕಿನ ಟೈಕೋ ಬ್ರಾಹೆಯು 1588ರಲ್ಲಿ ಪ್ರಕಟಿಸಿದನು. ಇನ್ನೊಂದೇ ಹೆಜ್ಜೆ ಉಳಿದಿತ್ತು ಎಂದು ಹೇಳುವುದು ಸುಲಭ. ಕಾಲ ಕೆಳಗಿನ ನೆಲವನ್ನೇ ಓಡಿಸುವ ಹೆಜ್ಜೆ ಅದು.

ಜೋಯಿಸರು ಆ ಹೆಜ್ಜೆಯನ್ನು ಇಡದಿದ್ದುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ: ಗ್ರಹವು ಇಂದು ಎಲ್ಲಿ ಕಾಣುತ್ತದೆ? ಗಣಿತವು ದೃಷ್ಟಿಗೆ ಸರಿಹೊಂದಿತೆ? ಹೊಂದಿದರೆ ಕೆಲಸ ಮುಗಿಯಿತು. ಇದು ಪೂರ್ವದೇಶದ ಮನೋಧರ್ಮವೆಂದು ಯಾರೂ ಭಾವಿಸಬೇಕಾಗಿಲ್ಲ. ಕೊಪರ್ನಿಕಸನ ಗ್ರಂಥದ ಮೊದಲ ಪುಟಗಳಲ್ಲಿಯೇ ಇದು ಕಾಣಿಸುತ್ತದೆ. ಮುದ್ರಣದ ಮೇಲ್ವಿಚಾರಣೆಗೆ ನಿಂತಿದ್ದ ಓಸಿಯಾಂಡರ್ ಎಂಬ ಧರ್ಮಗುರು, ಲೇಖಕನ ಅನುಮತಿಯಿಲ್ಲದೆ, ಸಹಿಯೂ ಇಲ್ಲದೆ, ಒಂದು ಮುನ್ನುಡಿಯನ್ನು ಸೇರಿಸಿಬಿಟ್ಟನು. ಈ ಊಹೆಗಳು ನಿಜವಾಗಿರಬೇಕಾಗಿಲ್ಲ, ನಿಜದಂತೆ ತೋರಬೇಕಾಗಿಯೂ ಇಲ್ಲ, ಲೆಕ್ಕವು ವೀಕ್ಷಣೆಗೆ ಹೊಂದಿದರೆ ಸಾಕು ಎಂಬುದು ಅದರ ತಾತ್ಪರ್ಯ. ಗೀಸೆಯು ಸಿಟ್ಟಾಗಿ ದೂರು ಕೊಟ್ಟನು. ಮುನ್ನುಡಿ ಹಾಗೆಯೇ ಉಳಿಯಿತು. ಬಹಳ ಮಂದಿ ಅದನ್ನು ಕೊಪರ್ನಿಕಸನದೇ ಎಂದು ತಿಳಿದರು. ಕಡೆಗೆ 1609ರಲ್ಲಿ ಕೆಪ್ಲರನು ತನ್ನ ಗ್ರಂಥದಲ್ಲಿ ಓಸಿಯಾಂಡರನ ಹೆಸರನ್ನು ಬಯಲುಮಾಡಿದನು.

ನಮ್ಮ ವ್ಯಥೆ ಇರುವುದು ಇಲ್ಲಿಯೇ. ಇಂದು ನಮ್ಮ ಕಾಲೇಜುಗಳಲ್ಲಿ ಕೊಪರ್ನಿಕಸನ ಚಿತ್ರ ಗೋಡೆಯ ಮೇಲಿದೆ. ಪಾಠ ನಡೆಯುವುದು ಮಾತ್ರ ಓಸಿಯಾಂಡರನ ಮುನ್ನುಡಿಯಂತೆ. ಸೂತ್ರದಲ್ಲಿ ಬೆಲೆಗಳನ್ನು ತುಂಬಿಸು, ಉತ್ತರ ಪುಸ್ತಕದ ಕೊನೆಯ ಪುಟಕ್ಕೆ ಹೊಂದಿತೆ ನೋಡು, ಮುಂದಿನ ಪ್ರಶ್ನೆಗೆ ಹೋಗು. ಆ ಅಂಕಿ ಪ್ರಪಂಚದಲ್ಲಿ ಯಾವುದರ ಅಳತೆ ಎಂದು ಕೇಳಿದ ವಿದ್ಯಾರ್ಥಿಗೆ "ಅದು ಪರೀಕ್ಷೆಗೆ ಬರುವುದಿಲ್ಲ" ಎಂದು ನಾವೇ ಹೇಳಿದ್ದುಂಟು, ಒಪ್ಪಿಕೊಳ್ಳುತ್ತೇವೆ. ಜೋಯಿಸರಿಗೆ ಗ್ರಹಣವಾದರೂ ಪರೀಕ್ಷಕನಾಗಿತ್ತು. ನಮ್ಮ ಹುಡುಗರಿಗೆ ಅದೂ ಇಲ್ಲ. "ಎಲ್ಲ ನಮ್ಮಲ್ಲೇ ಇತ್ತು" ಎನ್ನುವವನೂ "ಎಲ್ಲ ಮೂಢತನ" ಎನ್ನುವವಳೂ ಸೂರ್ಯಸಿದ್ಧಾಂತವನ್ನು ತೆರೆದವರಲ್ಲ, ಕೊಪರ್ನಿಕಸನ ಲೆಕ್ಕವನ್ನು ಮಾಡಿದವರೂ ಅಲ್ಲ. ಇಬ್ಬರೂ ಕೇಳಿದುದನ್ನು ಒಪ್ಪಿಸುತ್ತಿದ್ದಾರೆ.

ಕೊಪರ್ನಿಕಸನ ಬಳಿ ಭೂಮಿಯ ಚಲನೆಗೆ ಪುರಾವೆ ಇತ್ತೆ ಎಂದು ಕೇಳಿದರೆ, ಇರಲಿಲ್ಲ. ಭೂಮಿ ಚಲಿಸುವುದಾದರೆ ಆರು ತಿಂಗಳ ಅಂತರದಲ್ಲಿ ಹತ್ತಿರದ ನಕ್ಷತ್ರಗಳು ಸ್ವಲ್ಪವಾದರೂ ಸ್ಥಳ ಬದಲಿಸಿದಂತೆ ತೋರಬೇಕು. ತೋರಲಿಲ್ಲ. ನಕ್ಷತ್ರಗಳು ಅಳತೆಗೆ ಸಿಕ್ಕದಷ್ಟು ದೂರ ಇವೆಯೆಂದು ಅವನು ಉತ್ತರಿಸಿದನು. ಎದುರಾಳಿಗಳಿಗೆ ಇದು ನುಣುಚಿಕೊಳ್ಳುವ ಮಾತೆಂದು ಕಂಡಿದ್ದರೆ ಅವರನ್ನು ಮೂಢರೆನ್ನಲಾಗದು. ಗೆಲಿಲಿಯೋ 1610ರಲ್ಲಿ ಕಂಡ ಶುಕ್ರನ ಕಲೆಗಳು ಟಾಲೆಮಿಯನ್ನು ತಳ್ಳಿಹಾಕಿದುವು. ಟೈಕೋನ, ನೀಲಕಂಠರ ಚಿತ್ರವನ್ನು ಅಲ್ಲ. 1720ರ ದಶಕದಲ್ಲಿ ಬ್ರಾಡ್ಲೆಯು ನಕ್ಷತ್ರಗಳ ಬೆಳಕಿನಲ್ಲಿ ಭೂಮಿಯ ವೇಗದ ಗುರುತನ್ನು ಕಂಡನು. ಕೊಪರ್ನಿಕಸನು ನಿರೀಕ್ಷಿಸಿದ ನಕ್ಷತ್ರಲಂಬನವು ಬೆಸೆಲನ ಅಳತೆಗೆ ಸಿಕ್ಕಿದುದು 1838ರಲ್ಲಿ, ಸುಮಾರು ಮುನ್ನೂರು ವರ್ಷಗಳ ಮೇಲೆ. ಅಷ್ಟು ಕಾಲ ಅವನ ಪಕ್ಷಕ್ಕಿದ್ದ ಬಲ ಮುಖ್ಯವಾಗಿ ಇದೊಂದೇ: ಬಿಡಿಬಿಡಿಯಾಗಿದ್ದ ಅಂಕಿಗಳು ಒಂದಕ್ಕೊಂದು ಕೊಂಡಿಯಾಗಿ, ಒಂದನ್ನು ಕದಲಿಸಿದರೆ ಎಲ್ಲವೂ ಕದಲುವಂತೆ ನಿಂತುದು.

ಆ ಕೊಂಡಿಯ ಫಲ ಕನ್ನಡಕ್ಕೂ ಬಂದಿತು. 1874ರ ಡಿಸೆಂಬರಿನಲ್ಲಿ ಶುಕ್ರನು ಸೂರ್ಯಬಿಂಬವನ್ನು ಹಾದುಹೋದಾಗ, ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಜನಸಾಮಾನ್ಯರಿಗಾಗಿ ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಹೊರಬಂದಿತು. ಆ ಸಂಕ್ರಮಣದಿಂದ ಸೂರ್ಯನ ದೂರವನ್ನು ಮೈಲಿಗಳಲ್ಲಿ ಅಳೆಯುವ ಉಪಾಯವು ಕೆಲಸಮಾಡುವುದೇ ಶುಕ್ರನ ಆ ಅನುಪಾತ ಮೊದಲೇ ಗೊತ್ತಿರುವುದರಿಂದ. ಆ ಅಂಕಿಯನ್ನು ದೂರವೆಂದು ಓದದೆ ಹೋಗಿದ್ದರೆ ಮೈಲಿಗಳ ಲೆಕ್ಕಕ್ಕೆ ದಾರಿಯೇ ಇರುತ್ತಿರಲಿಲ್ಲ.

ತರಗತಿಯ ಜಗಳಕ್ಕೆ ನಾವು ಮಾಡಿದ ಚಿಕಿತ್ಸೆಯನ್ನು ಹೇಳಿ ಮುಗಿಸುತ್ತೇವೆ. 2025ರ ಜನವರಿ 10ರ ಸುಮಾರಿಗೆ ಶುಕ್ರನು ಸಂಜೆಯ ಆಕಾಶದಲ್ಲಿ ಸೂರ್ಯನಿಂದ ಅತ್ಯಂತ ದೂರಕ್ಕೆ ಸರಿದು ನಿಂತಿದ್ದನು. ಆಗ ಭೂಮಿಯಿಂದ ಶುಕ್ರನಿಗೆ ಎಳೆದ ರೇಖೆಯು ಶುಕ್ರನ ಕಕ್ಷೆಗೆ ಸ್ಪರ್ಶರೇಖೆಯಾಗುತ್ತದೆ. ಶುಕ್ರನಲ್ಲಿ ಲಂಬಕೋನ ಏರ್ಪಡುತ್ತದೆ. ಆದುದರಿಂದ ಸೂರ್ಯನಿಗೂ ಶುಕ್ರನಿಗೂ ನಮ್ಮ ಕಣ್ಣಿನಲ್ಲಿ ಎಷ್ಟು ಅಂಶದ ಕೋನವೋ ಅದರ ಸೈನ್ ಬೆಲೆಯೇ ಶುಕ್ರನ ದೂರ. ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು. ಬೆಂಗಳೂರಿನಿಂದ ನೋಡಿದಾಗ ಆ ದಿನಗಳಲ್ಲಿ ಶುಕ್ರನು ಮುಳುಗುವ ಸೂರ್ಯನಿಗೆ ಬಹುಮಟ್ಟಿಗೆ ನೇರ ಮೇಲೆಯೇ ಇದ್ದುದರಿಂದ, ಸೂರ್ಯಾಸ್ತದ ಗಳಿಗೆಯಲ್ಲಿ ಅವನ ಎತ್ತರವನ್ನು ಅಳೆದರೆ ಆಯಿತು. ಸೂರ್ಯನನ್ನು ನೋಡಬೇಕಾದ ಅಪಾಯವೂ ಇಲ್ಲ.

ಪುಟ್ಟೇನಹಳ್ಳಿಯಲ್ಲಿ ಒಂದು ಮನೆಯ ತಾರಸಿಯ ಮೇಲೆ ಎಂಟು ಹತ್ತು ಮಂದಿ ಸೇರಿದೆವು. ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ದಾರದ ತುದಿಗೆ ಕಲ್ಲು, ಇಷ್ಟೇ ಉಪಕರಣ. ಕೊಪರ್ನಿಕಸನಿಗೂ ಇದಕ್ಕಿಂತ ಬಹಳ ಹೆಚ್ಚಿನದೇನೂ ಇರಲಿಲ್ಲ. ಆದರೆ ಒಂದು ತೊಡಕು ಬಂದಿತು. ಪಶ್ಚಿಮಕ್ಕೆ ಮಹಡಿ ಕಟ್ಟಡಗಳು ಗೋಡೆ ಕಟ್ಟಿದಂತೆ ನಿಂತಿರುವುದರಿಂದ ನಮ್ಮ ಸೂರ್ಯನು ದಿಗಂತಕ್ಕೆ ಬಹಳ ಮೊದಲೇ ಮುಳುಗುತ್ತಾನೆ. ನಿಜವಾದ ಸೂರ್ಯಾಸ್ತ ಎಷ್ಟು ಹೊತ್ತಿಗೆ? ಮನೆಯ ಯಜಮಾನಿತಿಯು ಅಡಿಗೆಮನೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನು ತಂದುಕೊಟ್ಟರು. ಮುಂದಿನ ಸಾಲಿನ ಆ ಹುಡುಗಿಯೇ ಅದನ್ನು ತಿರುವಿಹಾಕಿ, ಆರು ಗಂಟೆ ಹತ್ತು ನಿಮಿಷದ ಸುಮಾರಿನ ಹೊತ್ತನ್ನು ಗಟ್ಟಿಯಾಗಿ ಓದಿದಳು. ಯಾರೋ ನಕ್ಕರು, ಅವಳೂ ನಕ್ಕಳು.

ಒಬ್ಬೊಬ್ಬರೂ ಅಳೆದರು. ಒಬ್ಬನಿಗೆ 44 ಅಂಶ, ಇನ್ನೊಬ್ಬಳಿಗೆ 48; ಉಳಿದವರು ಇವುಗಳ ನಡುವೆ. ಸೈನ್ ಬೆಲೆ 0.69ರಿಂದ 0.74ರ ವರೆಗೆ ಹರಡಿತು, ಸರಾಸರಿ 0.72. ಹಿಂದಿನ ಬೆಂಚಿನ ಹುಡುಗನು ಕಾಗದದ ಮೇಲೆ ಇದನ್ನು ಬರೆದು, ಅದರ ಕೆಳಗೆ ಟಾಲೆಮಿಯದನ್ನೂ ಸೂರ್ಯಸಿದ್ಧಾಂತದ್ದನ್ನೂ ಕೊಪರ್ನಿಕಸನದನ್ನೂ ಒಂದರ ಕೆಳಗೊಂದರಂತೆ ಬರೆದನು. ಬಹಳ ಹೊತ್ತು ನೋಡಿ, "ಸರ್, ನಾಲ್ಕೂ ಒಂದೇ ಅಲ್ಲವೇ?" ಎಂದನು. ಯಾವುದು ಯಾವುದರ ಅಳತೆಯೆಂದು ಪಕ್ಕದಲ್ಲಿ ಬರೆಯಲು ಹೇಳಿದೆವು. ಕತ್ತಲೆಯಾಗುವವರೆಗೂ ಅದೇ ಚರ್ಚೆ ನಡೆಯಿತು.

ಶುಕ್ರನು ಸುಮಾರು 584 ದಿನಗಳಿಗೊಮ್ಮೆ ಸಂಜೆಯ ಆಕಾಶದಲ್ಲಿ ಹೀಗೆ ಕಡೆಯ ಎಲ್ಲೆಗೆ ಬರುತ್ತಾನೆ. ಎಲ್ಲ ಋತುಗಳಲ್ಲಿಯೂ ಸೂರ್ಯನಿಗೆ ನೇರ ಮೇಲೆ ಇರುವುದಿಲ್ಲ. ಓರೆಯಾಗಿದ್ದರೆ ಕೋನವನ್ನೂ ಓರೆಯಾಗಿಯೇ ಅಳೆಯಬೇಕು. ಅಳೆಯುವವರು ದಾರ ಗಾಳಿಗೆ ಅಲುಗದಂತೆ ತುಸು ಭಾರವಾದ ಕಲ್ಲನ್ನೇ ಕಟ್ಟಿಕೊಳ್ಳುವುದು ಲೇಸು.